ನಾಟಕದ ಅಕ್ಕಿಕಾಳು

ಹೋದ ತಿಂಗಳು ಬೈಲಹೊಂಗಲಕ್ಕೆ ಹೋಗಿದ್ದೆ, ಮಗಳ ಮಗನ ಶಾಲೆಯ ಗ್ಯಾದರಿಂಗ್ ನೋಡಲು. ವೇದಿಕೆಯ ಹಿಂದೆ ಒಬ್ಬ ಟೀಚರು ಹುಡುಗರನ್ನು ಸಾಲಾಗಿ ನಿಲ್ಲಿಸಿಕೊಂಡು, ಮುಖದ ಬಣ್ಣಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಹಳೇ ಬಟ್ಟೆಯಿಂದ ಒರೆಸುತ್ತಿದ್ದಳು. ಬಣ್ಣ, ಎಣ್ಣೆ, ಬೆವರು. ಆ ವಾಸನೆ ಮೂಗಿಗೆ ಬಂದದ್ದೇ ತಡ, ಸೆರಗಿನಿಂದ ಮೂಗು ಮುಚ್ಚಿಕೊಂಡೆ.

"ಯಾಕಬೇ ಯವ್ವಾ, ಮಾರಿ ಹಿಂಗ್ಯಾಕ ಆತು?" ಎಂದಳು ಮಗಳು.

"ಸೆಕಿ" ಎಂದೆ. ಸೆಕೆ ಇರಲಿಲ್ಲ.

ಆ ವಾಸನೆಯೊಳಗೆ ನನಗೆ ಒಂದೇ ಒಂದು ಚಳಿಗಾಲ ಇದೆ. ಕೊರೊನಾ ಕಳೆದು ಶಾಲೆಗಳೆಲ್ಲ ಪೂರ್ತಿ ತೆರೆದ ವರ್ಷ ಅದು. ನಮ್ಮೂರು ಯರಗಟ್ಟಿಯಿಂದ ಬಸ್ಸಿಗೆ ಅರ್ಧ ತಾಸು. ಎರೆ ಹೊಲ, ಹತ್ತಿ, ಕಡಲೆ, ಬಿಳಿಜೋಳ. ಆ ವರ್ಷ ಮಳೆ ಹೋಗಬೇಕಾದಾಗ ಹೋಗಲಿಲ್ಲ. ದೀಪಾವಳಿ ಮುಗಿದರೂ ಮೋಡ ಮುಸುಕಿಕೊಂಡೇ ಇತ್ತು. ಒಡೆದ ಹತ್ತಿ ಗಿಡದಲ್ಲೇ ತೊಯ್ದು ಕಪ್ಪಾಯಿತು, ಬಿಡಿಸಲು ಹೋದರೆ ಬೆರಳಿಗೆ ಅಂಟುತ್ತಿತ್ತು. ಕಡಲೆಗೆ ಹುಳ ಬಿತ್ತು. ಮಂದಿಯ ಮುಖವೂ ಹವೆಯ ಹಾಗೆಯೇ ಇತ್ತು.

ಮನೆಯಲ್ಲಿ ನಾಲ್ಕು ಜನ. ಮಗ ಸುರೇಶ, ಯರಗಟ್ಟಿಗೂ ಊರಿಗೂ ಟಂಟಂ ರಿಕ್ಷಾ ಓಡಿಸುತ್ತಾನೆ. ಸೊಸೆ ಕಸ್ತೂರಿ, ರಾಮದುರ್ಗದ ಕಡೆಯವಳು. ಮೊಮ್ಮಗಳು ಐಶ್ವರ್ಯಾ. ಆ ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲ, ನಾನು ಐಸವ್ವ ಎನ್ನುತ್ತೇನೆ. ಆಗ ಅವಳಿಗೆ ಹದಿನೇಳು ತುಂಬಿರಲಿಲ್ಲ. ಯರಗಟ್ಟಿಯಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದಳು. ನಾಲ್ಕನೆಯವಳು ನಾನು. ಎರಡನೇ ಇಯತ್ತೆ ಕಲಿತವಳು, ಗಂಡ ಸತ್ತು ಆಗ ಹದಿನೆಂಟು ವರ್ಷವಾಗಿತ್ತು.

ಶಾಲೆ ಮುಚ್ಚಿದ್ದ ಕಾಲ ನಮ್ಮೂರ ಹುಡುಗಿಯರಿಗೆ ಒಳ್ಳೆಯದು ಮಾಡಲಿಲ್ಲ. ಮಂದಿ ಸೇರಬಾರದು ಎಂದು ಸರಕಾರವೇ ಹೇಳಿದೆ, ಸಣ್ಣದಾಗಿ ಮುಗಿಸಿಬಿಡಬಹುದು ಎಂದು ಒಬ್ಬರನ್ನು ನೋಡಿ ಒಬ್ಬರು ಮದುವೆ ಮಾಡಿದರು. ಐಸವ್ವನ ಜೊತೆ ಕೂತು ಓದಿದ ಎಷ್ಟೋ ಹುಡುಗಿಯರು ಶಾಲೆ ತೆರೆದಾಗ ಬರಲೇ ಇಲ್ಲ. ಒಬ್ಬಳಂತೂ ಕೂಸು ಎತ್ತಿಕೊಂಡು ತವರಿಗೆ ಬಂದಿದ್ದಳು, ತೋಳು ಕಡ್ಡಿಯ ಹಾಗಿದ್ದವು. ನನಗೆ ಅದು ದೊಡ್ಡ ವಿಷಯ ಎನಿಸಿರಲಿಲ್ಲ. ಸುಳ್ಳು ಯಾಕೆ ಹೇಳಲಿ.

ಆ ಹೊತ್ತಿಗೆ ಪ್ರಕಾಶ ಎಂಬ ಹುಡುಗ ಬಂದ. ಕಿತ್ತೂರಿನ ಕಡೆಯವನು, ನಾಟಕ ಕಲಿತವನು, ಹೆಗಲಿಗೊಂದು ಚೀಲ, ಗಡ್ಡ. ಸಣ್ಣ ವಯಸ್ಸಿನ ಮದುವೆ ನಿಲ್ಲಿಸಲು ಊರೂರಿಗೆ ನಾಟಕ ಮಾಡಿಸುವ ತಂಡವೊಂದು ಅವನನ್ನು ಕಳಿಸಿತ್ತು. ಮೊದಲ ದಿನ ಗುಡಿಯ ಮುಂದೆ ನಮ್ಮನ್ನೆಲ್ಲ ಕೂಡಿಸಿ ಹೇಳಿದ: "ನಾವು ಬಂದು ಆಡಿ ಹೋದ್ರ ನೀವು ನೋಡಿ ಮರೀತೀರಿ. ಈ ನಾಟಕ ನೀವ ಆಡಬೇಕ್ರಿ. ನಿಮ್ಮ ಮಾತು, ನಿಮ್ಮ ಬಟ್ಟಿ, ನಿಮ್ಮ ಪದ್ಧತಿ. ನಾ ಬರೇ ಹಿಂದ ನಿಂದರತೇನಿ."

"ಪಗಾರ ನಿನಗ, ಕುಣಿಯೋರು ನಾವು" ಎಂದಳು ಪಕ್ಕದ ಮನೆಯ ಶಿವಕ್ಕ. ಎಲ್ಲರೂ ನಕ್ಕರು. ಅವನೂ ನಕ್ಕ. ಹಾಗಾಗಿ ಅವನ ಮೇಲೆ ಯಾರಿಗೂ ಸಿಟ್ಟು ಬರಲಿಲ್ಲ.

ಐಸವ್ವ ಮೊದಲ ದಿನವೇ ಹೆಸರು ಕೊಟ್ಟು ಬಂದಿದ್ದಳು. ಮದುಮಗಳ ಪಾತ್ರ ಅವಳಿಗೆ. ಮದುವೆಗೆ ಒತ್ತಾಯ ಮಾಡುವ ಮುದುಕಿಯ ಪಾತ್ರ ನನಗೆ. ನಾನು ಒಲ್ಲೆ ಎಂದೆ. ಪ್ರಕಾಶ ಬಿಡಲಿಲ್ಲ. "ಅಮ್ಮಾರ, ನೀವು ಏನೂ ಬಾಯಿಪಾಠ ಮಾಡಬ್ಯಾಡ್ರಿ. ನಿಮಗ ಅನಿಸಿದ್ದು ಅನ್ರಿ, ಸಾಕು."

ಅನಿಸಿದ್ದನ್ನೇ ಅಂದೆ. ಹೆಣ್ಣು ಮಗಳನ್ನು ಎಷ್ಟು ದಿನ ಮನೆಯಲ್ಲಿ ಇಟ್ಟುಕೊಳ್ಳುತ್ತೀರಿ, ಓದಿ ಏನು ಕಡಿದು ಗುಡ್ಡೆ ಹಾಕುತ್ತಾಳೆ, ನನ್ನದು ಹದಿಮೂರಕ್ಕೆ ಆಯಿತು, ನಾನೇನು ಸತ್ತೆನೇ ಎಂದೆ. ತಾಲೀಮಿಗೆ ಬಂದ ಹೆಂಗಸರು ಚಪ್ಪಾಳೆ ಹೊಡೆದರು. "ಎಷ್ಟು ಚೊಲೊ ಮಾಡತೀರಿ ಅಮ್ಮಾರ!" ಎಂದ ಪ್ರಕಾಶ. ನಾನು ನಾಟಕ ಮಾಡಿರಲಿಲ್ಲ.

ಆವತ್ತು ಮನೆಗೆ ಬರುವಾಗ ಐಸವ್ವ ದಾರಿಯಲ್ಲಿ ನಿಂತು ಕೇಳಿದಳು: "ಆಯಿ, ನೀ ಅಲ್ಲಿ ಅಂದಿದ್ದು ಖರೇನ?"

"ಖರೇನ" ಎಂದೆ.

ಅವಳು ಮುಂದೆ ನಡೆದಳು.

ಒಂದು ಸಂಜೆ ಪ್ರಕಾಶ, ನಿಮ್ಮ ನಿಮ್ಮ ಮದುವೆ ಹೇಗಾಯಿತು ಹೇಳಿ ಎಂದು ಎಲ್ಲ ಹೆಂಗಸರನ್ನೂ ಕೇಳಿದ. ಕೆಲವರು ಅತ್ತರು. ನನ್ನ ಸರದಿ ಬಂದಾಗ "ಆತು, ಅಷ್ಟ" ಎಂದೆ. ಮದುವೆಯ ದಿನ ನಿದ್ದೆ ಬಂದು ಚಕ್ಕಡಿಯಲ್ಲಿ ಮಲಗಿದ್ದೆ. ಎದ್ದಾಗ ಬೇರೆ ಊರು, ಬೇರೆ ಮನೆ, ಯಾರೋ ಒಬ್ಬಳು ಕೊಡ ಕೈಗೆ ಕೊಟ್ಟು ಬಾವಿ ತೋರಿಸಿದಳು. ಹದಿನೈದಕ್ಕೆ ಮೊದಲ ಕೂಸು ಹುಟ್ಟಿ ಮೂರನೇ ದಿನ ಹೋಯಿತು. ಇದನ್ನೆಲ್ಲ ಗಡ್ಡದ ಹುಡುಗನ ಮುಂದೆ ಹೇಳುವುದೇನಿತ್ತು.

ತೊಂದರೆ ಶುರುವಾದದ್ದು ಮದುಮಗನಿಂದ. ಪ್ರಕಾಶ ಊರಿನ ಒಬ್ಬ ಹುಡುಗನನ್ನು ಆರಿಸಿದ್ದ. ನಾನೇ ಅಡ್ಡ ಬಂದೆ. ಬೆಳೆದ ಹುಡುಗಿ ಪರರ ಮಗನ ಪಕ್ಕ ಬಾಸಿಂಗ ಕಟ್ಟಿಕೊಂಡು ನಿಂತರೆ ನಾಳೆ ಊರು ಏನೆನ್ನುತ್ತದೆ? "ಮನಿಯವ್ರು ಯಾರರ ಆಗಲಿ. ಕಸ್ತೂರಿ ತಮ್ಮ ಅದಾನಲ್ಲ, ಈರಣ್ಣ. ಸ್ವಾದರಮಾವ. ಅವನ ಕೂಡ ನಿಂತ್ರ ಯಾರೂ ಏನೂ ಅನ್ನೂದಿಲ್ಲ" ಎಂದೆ.

ಈರಣ್ಣನಿಗೆ ಮೂವತ್ತು ದಾಟಿತ್ತು. ಒಕ್ಕಲುತನ ಮಾಡುವವನಿಗೆ ಈಗ ಯಾರೂ ಹೆಣ್ಣು ಕೊಡುವುದಿಲ್ಲ, ಅವನಿಗೂ ಸಿಕ್ಕಿರಲಿಲ್ಲ. ಒಳ್ಳೆಯವನು. ಐಸವ್ವನನ್ನು ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದವನು. ನಾಟಕದ ಹುಚ್ಚು ಬೇರೆ ಇತ್ತು. ಕರೆದದ್ದೇ ಮೋಟಾರ್ ಸೈಕಲ್ ಹತ್ತಿ ಬಂದ. ಪ್ರಕಾಶನಿಗೂ ಒಳ್ಳೆಯದೇ ಎನಿಸಿತು. ಕಥೆಯಲ್ಲಿ ಮದುಮಗ ವಯಸ್ಸಾದವನೇ ಆಗಬೇಕಿತ್ತು.

ಸೋದರಮಾವ ಎಂದರೆ ನಮ್ಮಲ್ಲಿ ಹುಡುಗಿಯನ್ನು ಕೇಳುವ ಮೊದಲ ಹಕ್ಕಿನವನು. ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಊರಿನ ಬಾಯಿಗೆ ಹೆದರುವಾಗ ಅದು ನೆನಪಾಗಲಿಲ್ಲ.

ಮದುವೆ ಮಾಡಿಸುವ ಅಯ್ಯನವರ ಪಾತ್ರಕ್ಕೆ ಮಠದ ಅಯ್ಯನವರೇ ಸಿಕ್ಕರು. ಬೇರೆಯವರಿಗೆ ಮಂತ್ರ ಬರುತ್ತಿರಲಿಲ್ಲ. ವಾದ್ಯಕ್ಕೆ ಸಿರಸಂಗಿಯಿಂದ ಮದುವೆಗೆ ಊದುವವರೇ ಬಂದರು. ಇನ್ನು ಅಕ್ಕಿಕಾಳು. ನಮ್ಮ ಕಡೆ ಮದುವೆಯನ್ನೇ ಅಕ್ಕಿಕಾಳು ಎಂದು ಕರೆಯುತ್ತೇವೆ. ಅರಿಷಿಣ ಹಚ್ಚಿದ ಅಕ್ಕಿ ಮಂದಿಯ ಕೈಯಿಂದ ತಲೆ ಮೇಲೆ ಬಿತ್ತೆಂದರೆ ಮದುವೆ ಆಯಿತು ಎಂದೇ ಲೆಕ್ಕ. ಪ್ರಕಾಶ ಕಾಗದ ಚೂರು ಮಾಡಿ ಇಟ್ಟುಕೊಂಡಿದ್ದ. ನನಗೆ ನಗು ಬಂತು.

"ಕಾಗದ ತೂರಿದ್ರ ಮಂದಿ ನಗತಾರೋ ತಮ್ಮಾ. ಲಗ್ನ ಅಂದ ಮ್ಯಾಲ ಅಕ್ಕಿ ಬೇಕು" ಎಂದೆ.

"ಅಮ್ಮಾರ, ಅಕ್ಕಿ ಯಾರೂ ಒಗಿಯೂದಿಲ್ರಿ. ಎಲ್ಲಾರ ಕೈಯಾಗ ಇರತೈತಿ, ಅಷ್ಟ. ಅಷ್ಟೊತ್ತಿಗೆ ನಾ ಎದ್ದು ಕೇಳತೇನಿ, ಈ ಲಗ್ನ ನಿಲ್ಲಸೋರು ಯಾರು ಅದೀರಿ ಅಂತ. ಮಂದ್ಯಾಗಿಂದ ಯಾರರ ಎದ್ದು ಬಂದು ನಿಲ್ಲಸಬೇಕು. ಅಲ್ಲಿಂದ ಮುಂದ ನಾಟಕದ ಎರಡನೇ ಭಾಗ."

"ಹಂಗಾರ ಕೈಯಾಗ ಇರೂದರ ಖರೇ ಅಕ್ಕಿ ಇರ್ಲಿ" ಎಂದೆ. ಅವನು ಒಪ್ಪಿದ. ನಮ್ಮ ಪದ್ಧತಿ ಇರಲಿ ಎಂದು ಮೊದಲ ದಿನ ಹೇಳಿದವನು ಅವನೇ ತಾನೇ.

ಎರಡು ಸೇರು ಅಕ್ಕಿ ನಮ್ಮ ಮನೆಯದು. ಅರಿಷಿಣ ಹಚ್ಚಿದವಳು ನಾನು.

ನಾಟಕ ಒಂದು ರವಿವಾರ, ಶಾಲೆಯ ಬಯಲಿನಲ್ಲಿ, ಇಳಿಹೊತ್ತಿನಲ್ಲಿ. ಮೋಡ ಅವತ್ತೂ ಇತ್ತು. ಸುತ್ತಲಿನ ಊರುಗಳಿಂದಲೂ ಮಂದಿ ಬಂದರು. ಈರಣ್ಣನ ತಾಯಿ, ನನ್ನ ಬೀಗತಿ ನಿಂಗವ್ವ, ಮಗನ ವೇಷ ನೋಡಲು ಹೊಸ ಸೀರೆ ಉಟ್ಟು ಬಂದು ಮುಂದೆಯೇ ಕೂತಿದ್ದಳು. ಪ್ರಕಾಶ ನಮಗೆಲ್ಲ ಮುಖಕ್ಕೆ ಬಣ್ಣ ಬಳಿದ. ಐಸವ್ವನಿಗೆ ನನ್ನ ಸೊಸೆಯ ಮದುವೆ ಸೀರೆ ಉಡಿಸಿದ್ದರು. ನಾನು ಪುಟ್ಟಿ ಹಿಡಿದು ಸಾಲುಸಾಲಿಗೆ ಹೋಗಿ ಮುಷ್ಟಿಮುಷ್ಟಿ ಅಕ್ಕಿ ಹಂಚಿದೆ. ಎಲ್ಲರೂ ನಗುತ್ತಾ ಕೈ ಒಡ್ಡಿದರು.

ನನ್ನ ಮಾತಿಗೆ ಚಪ್ಪಾಳೆ ಬಿತ್ತು. ಐಸವ್ವ "ನಾ ಒಲ್ಲೆ, ನಾ ಓದತೇನಿ" ಎಂದಾಗ ಹುಡುಗಿಯರು ಸೀಟಿ ಹೊಡೆದರು. ಕೊನೆಗೆ ಇಬ್ಬರನ್ನೂ ನಿಲ್ಲಿಸಿ ನಡುವೆ ಅಂತರಪಟ ಹಿಡಿದರು. ಅಯ್ಯನವರು ಮಂತ್ರ ಶುರುಮಾಡಿದರು. ದನಿ ಚೊಲೋ ಇತ್ತು ಅವರದು. ಬಯಲು ಗಪ್ಪಾಯಿತು. ನಗು ನಿಂತಿತು. ಹೆಂಗಸರು ಸೆರಗು ತಲೆಗೆ ಎಳೆದುಕೊಂಡರು. ಮಂತ್ರ ಮುಗಿಯುವ ಹೊತ್ತಿಗೆ ಪ್ರಕಾಶ ಕೈ ಎತ್ತಿಕೊಂಡು ಮುಂದೆ ಬಂದ, ಬಾಯಿ ತೆರೆದ. ಅಷ್ಟರಲ್ಲಿ ವಾದ್ಯದವರು ಗಟ್ಟಿಯಾಗಿ ಬಾರಿಸಿಬಿಟ್ಟರು. ಮಂತ್ರ ನಿಂತದ್ದೇ ಬಾರಿಸುವುದು ಅವರ ಕಸುಬು. ಆ ಸದ್ದಿಗೆ ಬಯಲಿನ ಕೈಗಳೆಲ್ಲ ಎದ್ದವು.

ಅಕ್ಕಿ ಬಿತ್ತು. ಎಲ್ಲ ಕಡೆಯಿಂದ ಬಿತ್ತು. ನಿಲ್ಲಿಸಲು ಒಬ್ಬರೂ ಏಳಲಿಲ್ಲ. ಶಿವಕ್ಕ ಒಗೆದಳು, ಅಂಗನವಾಡಿ ಟೀಚರು ಒಗೆದಳು, ತೋಳು ಕಡ್ಡಿಯಾದ ಆ ಹುಡುಗಿಯೂ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಒಗೆದಳು. ನಾನೂ ಒಗೆದೆ. ಕೈ ತಾನಾಗಿ ಹೋಯಿತು. ಐಸವ್ವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಆಮೇಲೆ ಎಲ್ಲರಿಗೂ ನಾಚಿಕೆಯಾಗಿ ದೊಡ್ಡ ನಗು ಎದ್ದಿತು. ಪ್ರಕಾಶ ಮೈಕಿನಲ್ಲಿ "ಕುಂಡ್ರಿ, ಕುಂಡ್ರಿ, ನಾಟಕ ಇನ್ನೂ ಐತಿ" ಎಂದು ಕೂಗಿದ. ಅಕ್ಕಿಕಾಳು ಬಿದ್ದ ಮೇಲೆ ಯಾರು ಕೂಡುತ್ತಾರೆ? ಊಟಕ್ಕೆ ಏಳುವ ಹಾಗೆ ಎದ್ದರು. ಹನಿಯೂ ಬಿತ್ತು. ಎರಡನೇ ಭಾಗ ಆಗಲೇ ಇಲ್ಲ.

ಪ್ರಕಾಶ ಮುಖದ ಬಣ್ಣ ಒರೆಸಲು ಕೊಬ್ಬರಿ ಎಣ್ಣೆ ಕೊಟ್ಟ. ಐಸವ್ವ ಬಣ್ಣ ಒರೆಸಿಕೊಂಡು, ಕೂದಲಿನಿಂದ ಅಕ್ಕಿ ಒಂದೊಂದೇ ತೆಗೆದು ನೆಲಕ್ಕೆ ಬಿಸಾಡುತ್ತಿದ್ದಳು. ನಿಂಗವ್ವ ಬಂದವಳು ಅವಳ ಗದ್ದ ಹಿಡಿದು, "ಎಷ್ಟು ಚೆಂದ ಕಾಣತಿ ನನ್ನ ಸೊಸಿ" ಎಂದಳು. ಮೊಮ್ಮಗಳಿಗೆ ಸೊಸೆ ಎಂದು ಚೇಷ್ಟೆ ಮಾಡುವುದು ಇದ್ದದ್ದೇ.

ಎಂಟು ದಿನಕ್ಕೆ ಅದು ಚೇಷ್ಟೆಯಾಗಿ ಉಳಿಯಲಿಲ್ಲ. ನಿಂಗವ್ವ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದಳು. ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಹೇಳಿದಳು: "ನಾವ್ಯಾರೂ ಮಾಡಿದ್ದಲ್ಲ ಇದು. ದೇವ್ರು ಮಾಡಿಸ್ಯಾನು. ಅಯ್ಯನೋರು ಖರೇ, ಮಂತ್ರ ಖರೇ, ವಾದ್ಯ ಖರೇ, ಅಕ್ಕಿಕಾಳು ಖರೇ. ಊರ ಮಂದಿ ಕೈಲೆ ಬಿದ್ದಾವ. ಇನ್ನ ಆಕಿ ನಮ್ಮಾಕಿ."

"ತಾಳಿ ಕಟ್ಟಿಲ್ಲಲ್ಲ ಅತ್ತಿ" ಎಂದ ನನ್ನ ಮಗ.

"ತಾಳಿ ಏನ್ ದೊಡ್ಡದು? ಯರಗಟ್ಟಿ ಪೇಟ್ಯಾಗ ಸಿಗತೈತಿ."

ಕಸ್ತೂರಿ ಬಾಗಿಲಲ್ಲಿ ನಿಂತು ಸೆರಗಿನ ತುದಿ ತಿರುವುತ್ತಿದ್ದಳು. ತಮ್ಮನಿಗೆ ಹೆಣ್ಣು ಸಿಕ್ಕಿಲ್ಲ ಎಂದು ಅವಳ ತಾಯಿ ಮೂರು ವರ್ಷದಿಂದ ಅಳುತ್ತಿದ್ದಳು. ಐಸವ್ವ ಒಳಗಿನಿಂದಲೇ, "ನಾ ಒಲ್ಲೆ. ಅದು ನಾಟಕ" ಎಂದಳು. ಹಿರಿಯರು ನಕ್ಕರು. "ನಾಟಕದಾಗೂ ಹಿಂಗ ಅಂದಿದ್ದಳು" ಎಂದ ಒಬ್ಬ.

ನಾನು ಸುಮ್ಮನಿದ್ದೆ. ಈರಣ್ಣ ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಹೊಲ ಇದೆ. ಇದಕ್ಕಿಂತ ಕೆಟ್ಟ ಕಡೆ ಕೊಟ್ಟವರನ್ನು ನೋಡಿದ್ದೇನೆ ಎಂದುಕೊಂಡೆ.

ಊರು ಎರಡಾಯಿತು. ಅಯ್ಯನವರನ್ನು ನಾನೇ ಹೋಗಿ ಕೇಳಿದೆ: "ನೀವು ಮಂತ್ರ ಖರೇ ಹೇಳಿದ್ರೇನ್ರಿ ಅಯ್ಯನೋರ?"

"ಮಂತ್ರ ಸುಳ್ಳು ಹೆಂಗ ಹೇಳ್ಲೆವಾ? ನನಗ ಬರೂದು ಅದೊಂದ" ಎಂದರು. ಅವರ ತಪ್ಪೇನಿದೆ.

ಕಾಲೇಜಿನಲ್ಲಿ ಐಸವ್ವನನ್ನು ಹುಡುಗರು ಕಾಡಿದರು. ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋ ಊರೂರು ತಿರುಗಿತ್ತು, ಬರೀ ಅಕ್ಕಿ ಬೀಳುವ ಭಾಗ. ಅದನ್ನು ನೋಡಿದರೆ ಯಾರಿಗಾದರೂ ಮದುವೆ ಎಂದೇ ತೋರಬೇಕು. ಈರಣ್ಣ ಮೊದಲು ಐಸೂ ಐಸೂ ಎನ್ನುತ್ತಿದ್ದವನು ಈಗ ಬಂದರೆ ಅವಳ ಹೆಸರೇ ಹಿಡಿಯುತ್ತಿರಲಿಲ್ಲ. ಅವಳು ಅವನನ್ನು ಮಾಮಾ ಎನ್ನುವುದನ್ನು ಬಿಟ್ಟಳು. ಒಂದು ದಿನ ಬಳೆ ತಂದು ಕಟ್ಟೆಯ ಮೇಲೆ ಇಟ್ಟು ಹೋದ. ಅವು ಅಲ್ಲೇ ಎರಡು ದಿನ ಇದ್ದವು.

ಐಸವ್ವ ಪ್ರಕಾಶನಿಗೆ ಫೋನು ಮಾಡಿದಳು. ಅವನು ಓಡಿಬಂದ. ನಿಂಗವ್ವನನ್ನೂ ಕರೆಸಿದ. ಹದಿನೆಂಟು ತುಂಬದೆ ಮದುವೆ ಮಾಡಿದರೆ ಜೈಲು, ಅಕ್ಕಿ ಒಗೆದವರಿಗೂ ಜೈಲು ಎಂದು ಕಾಯ್ದೆ ಹೇಳಿದ.

ನಿಂಗವ್ವ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿದಳು. ಮುಗಿದ ಮೇಲೆ ಹೇಳಿದಳು: "ಲಗ್ನ ಮಾಡಿಸಿದಾವ ನೀನ, ತಮ್ಮಾ. ಮೊದ್ಲ ನೀ ಹೋಗು ಜೇಲಿಗೆ."

ಪ್ರಕಾಶನ ಮುಖ ಬಿಳುಪೇರಿತು. "ಅದು ಜಾಗೃತಿ ನಾಟಕರಿ ಅವ್ವಾರ..."

"ಹೌದಲ್ಲ? ನಾನೂ ಅದನ್ನ ಅಂತೇನಿ. ಲಗ್ನ ಬ್ಯಾರೆ ಮಾಡೂದಿಲ್ಲ ನಾವು. ಪತ್ರಿಕಿ ಇಲ್ಲ, ಪೆಂಡಾಲ ಇಲ್ಲ, ಊಟ ಇಲ್ಲ. ಹುಡುಗಿ ಉಡಿ ತುಂಬಿಸಿ ಕರಕೊಂಡ ಹೋಗತೇವಿ, ಅಜ್ಜಿ ಮನಿಗೆ ಮೊಮ್ಮಗಳು ಬಂದಾಳ ಅಂತೇವಿ. ಸಾಹೇಬ್ರು ಬಂದು ಲಗ್ನ ಆಗೇತೇನ ಅಂತ ಕೇಳಿದ್ರ, ಇಲ್ರಿ, ಅದು ಜಾಗೃತಿ ನಾಟಕ ಅಂತೇವಿ. ನಿನ್ನ ಕಡೆ ನಾಟಕದ ಫೋಟೋನೂ ಅದಾವ, ನೋಡಾಕ ಬಂದವ್ರ ಸಹಿನೂ ಐತಿ."

ಪ್ರಕಾಶ ಚೀಲ ಹೆಗಲಿಗೆ ಹಾಕಿಕೊಂಡ. ಅಧಿಕಾರಿಗಳ ಹತ್ತಿರ ಹೋಗುತ್ತೇನೆ ಎಂದ. ಹೋದನೂ ಹೌದು. ಮದುವೆ ಯಾವಾಗ, ಎಲ್ಲಿ ಎಂದು ಅವರು ಕೇಳಿದರಂತೆ. ಮುಂದೆ ಮದುವೆ ಇರಲಿಲ್ಲವಲ್ಲ, ಏನನ್ನು ನಿಲ್ಲಿಸುತ್ತಾರೆ.

ನನಗೆ ಸಿಟ್ಟು ಬಂದದ್ದು ಅವತ್ತು. ಹುಡುಗಿಯ ಮೇಲಿನ ಮಮತೆಯಿಂದ ಬಂತು ಎಂದರೆ ಸುಳ್ಳಾಗುತ್ತದೆ. ಮದುವೆ ಎಂದು ಒಯ್ಯುವುದು ಒಂದು. ಆದರೆ ಇತ್ತ ಮದುವೆ ಎಂದು ಹಕ್ಕು ಕೇಳುವುದು, ಅತ್ತ ನಾಟಕ ಎಂದು ಕೈ ತೊಳೆಯುವುದು, ನಡುವೆ ಹುಡುಗಿಯನ್ನು ಸಂತೆಯಿಂದ ಆಡು ಎಳೆದುಕೊಂಡು ಹೋದ ಹಾಗೆ ಒಯ್ಯುವುದು. ನಾಳೆ ಒಂದು ಹೆಚ್ಚುಕಡಿಮೆಯಾದರೆ ಅವಳು ಯಾರ ಹೆಂಡತಿ? ನನ್ನನ್ನೂ ನಿದ್ದೆಯಲ್ಲಿ ಒಯ್ದಿದ್ದರು. ಆದರೂ ನಾನು ಯಾರ ಹೆಂಡತಿ ಎಂಬುದಕ್ಕೆ ಊರೇ ಸಾಕ್ಷಿ ಇತ್ತು.

ಮಗನಿಗೆ ಹೇಳಿದೆ. "ಯವ್ವಾ, ಇವತ್ತಿಲ್ಲ ನಾಳೆ ಕೊಡೂದ. ಮಾವನ ಮನಿ ಅಲ್ಲೇನು. ಕಸ್ತೂರಿ ತವರು ಕಡಕೊಳ್ಳಾಕ ಆಗತೈತೇನು?" ಎಂದ. ಪರೀಕ್ಷೆ ಎಂದೆ. "ಅಲ್ಲಿಂದನ ಬರೀತಾಳು, ಈರಣ್ಣ ಗಾಡಿ ಮ್ಯಾಲ ತಂದು ಬಿಡತಾನು" ಎಂದ. ರಾಮದುರ್ಗದ ಆಚೆಯ ಹಳ್ಳಿಯಿಂದ ದಿನಾ ಯರಗಟ್ಟಿಗೆ! ಅವನು ತಾನೇ ಗಾಡಿ ಓಡಿಸುವವನು, ದಾರಿ ಎಷ್ಟು ಎಂದು ಅವನಿಗೆ ಗೊತ್ತಿಲ್ಲವೇ.

ಕಡಲೆ ಕೀಳುವ ದಿನಗಳಲ್ಲಿ, ಒಂದು ಸೋಮವಾರ ಬೆಳಿಗ್ಗೆ ಅವರು ಬಂದರು. ನಿಂಗವ್ವ, ಈರಣ್ಣ, ಮೂವರು ಮುತ್ತೈದೆಯರು, ಅದೇ ಇಬ್ಬರು ಹಿರಿಯರು. ಹಸಿರು ಸೀರೆ, ಕುಬಸದ ಕಣ, ತೆಂಗಿನಕಾಯಿ, ಬೆಲ್ಲ, ಅಕ್ಕಿ. ಪಡಸಾಲೆಯಲ್ಲಿ ಚಾಪೆ ಹಾಸಿದರು. ಶಿವಕ್ಕ ಮತ್ತು ಓಣಿಯ ನಾಲ್ಕು ಮಂದಿ ಬಾಗಿಲಲ್ಲಿ ನಿಂತರು.

ಐಸವ್ವ ಹೊರಗೆ ಬಂದು ಎಲ್ಲರ ಮುಂದೆ ನಿಂತಳು. "ನಾ ಒಲ್ಲೆ. ಮಾಮಾ ಅಂದ್ರ ನನಗ ಮಾಮಾನ. ನನ್ನ ಪರೀಕ್ಷಾ ಐತಿ. ನಾ ಬರೂದಿಲ್ಲ."

"ಎಲ್ಲಾ ಹುಡುಗ್ಯಾರೂ ಹಿಂಗ ಅಂತಾರ. ಬಾ, ಕುಂಡ್ರು" ಎಂದಳು ನಿಂಗವ್ವ, ಪ್ರೀತಿಯಿಂದಲೇ. ಕಸ್ತೂರಿ ಮಗಳ ಭುಜ ಹಿಡಿದು ಚಾಪೆಯ ಮೇಲೆ ಕೂರಿಸಿದಳು. ಒಬ್ಬ ಮುತ್ತೈದೆ ಅಕ್ಕಿಯ ತಾಟು ಎತ್ತಿಕೊಂಡಳು.

ನಾನು ಕಂಬಕ್ಕೆ ಒರಗಿ ಕೂತಿದ್ದೆ. ಇಂಥ ಕೆಲಸಗಳಲ್ಲಿ ನನ್ನಂಥವರು ದೂರವೇ ಕೂಡುವುದು. ಯಾರೂ ಹೇಳಬೇಕಾಗಿಲ್ಲ, ಹದಿನೆಂಟು ವರ್ಷದ ರೂಢಿ. ತಾಟು ಎತ್ತಿದ ಆ ಬಳೆಗೈ ನೋಡಿದೆ, ದೂರ ಕೂತ ನನ್ನನ್ನು ನೋಡಿಕೊಂಡೆ. ಆಗ ಹೊಳೆಯಿತು.

"ನಿಂಗವ್ವಾ, ಒಂದು ಮಾತು. ಅವತ್ತು ಅಕ್ಕಿಗೆ ಅರಿಷಿಣ ಹಚ್ಚಿದವ್ರು ಯಾರು?" ಎಂದೆ.

"ಯಾರರ ಆಗಲಿ ಬಿಡ ಬೀಗತಿ."

"ಯಾರರ ಅಲ್ಲ. ನಾ."

ತಾಟು ಹಿಡಿದ ಕೈ ನಿಂತಿತು.

"ಅರಿಷಿಣ ಹಚ್ಚಿದಾಕಿ ನಾ, ಪುಟ್ಟಿ ಹೊತ್ತಾಕಿ ನಾ, ಒಬ್ಬೊಬ್ಬರ ಮುಷ್ಟ್ಯಾಗ ತುಂಬಿದಾಕಿ ನಾ. ನಾನೂ ಒಗದೇನಿ, ಶಿವಕ್ಕ ನೋಡ್ಯಾಳು. ನನ್ನ ಹಣಿ ನೋಡು. ರಂಡಮುಂಡಿ ಕೈ ಇದು. ಈ ಕೈ ಅಕ್ಕಿಕಾಳು ನಿನ್ನ ಮಗನ ತಲಿ ಮ್ಯಾಲ ಬಿದ್ದಾವ. ಅದು ನಾಟಕ ಅಂದ್ರ ನಾಟಕ, ಆಟ ಮುಗೀತು, ಯಾರಿಗೂ ಏನೂ ಆಗೂದಿಲ್ಲ. ಲಗ್ನ ಅಂತಿ ಅಂದ್ರ ಲಗ್ನ. ಒಯ್ಯಿ ಹುಡುಗೀನ. ಮುಂದ ನಿನ್ನ ಮಗನಿಗೆ ಏನರ ಆದ್ರ ನನ್ನ ಕಡೆ ಬರಬ್ಯಾಡ. ಲಗ್ನ ಅಂತಿಯೋ, ನಾಟಕ ಅಂತಿಯೋ? ಎಲ್ಲಾರ ಮುಂದ ನಿನ್ನ ಬಾಯಿಲೆ ಹೇಳು."

ಶಿವಕ್ಕ ತನ್ನ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. ನಿಂಗವ್ವ ನನ್ನನ್ನೇ ನೋಡಿದಳು. ಆಮೇಲೆ ಅವಳ ಕೈ ತಾನಾಗಿ ಮಗನ ಹೆಗಲಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಆದರೂ ಏನನ್ನೋ ಝಾಡಿಸಿದಳು. ಮತ್ತೆ ಮತ್ತೆ ಝಾಡಿಸಿದಳು.

"ನಾಟಕ" ಎಂದಳು. ದನಿ ಹೊರಗೆ ಬರಲಿಲ್ಲ.

"ಹಿರಿಯಾರಿಗೆ ಕೇಳಿಸಿಲ್ಲ."

"ನಾಟಕ ಅಂದೆನಲ್ಲ ನಾ!" ಎಂದು ಚೀರಿದಳು.

ಈರಣ್ಣ ಎದ್ದ. ಅವನ ಮುಖವನ್ನು ನಾನು ನೋಡಬಾರದಿತ್ತು. "ಅವ್ವಾ, ನಡಿ" ಎಂದ. ಸೀರೆ, ಕಾಯಿ, ಎಲ್ಲ ಗಂಟು ಕಟ್ಟಿಕೊಂಡರು. ಹಾಸಿದ ಚಾಪೆಯನ್ನು ಯಾರೂ ತೆಗೆಯಲಿಲ್ಲ. ಅವರು ಹೋದ ಮೇಲೆ ಕಸ್ತೂರಿ ನನ್ನ ಮುಂದೆ ಬಂದು ನಿಂತು, "ನನ್ನ ತಮ್ಮಗ ಸಾಪ ಹಾಕಿದ್ರಿ ಅತ್ತಿ" ಎಂದಳು.

ಚಳಿಗಾಲದ ಉಳಿದ ದಿನ ಹೇಗೆ ಹೋದವು ಎಂದರೆ, ಮೋಡ ಸರಿದು ಬಿಸಿಲು ಬಂತು, ಜೋಳ ತೆನೆ ಬಲಿಯಿತು, ನಮ್ಮ ಮನೆಯಲ್ಲಿ ಮಾತು ನಿಂತಿತು. ಕಸ್ತೂರಿ ಊಟ ಬಡಿಸಿ ತಟ್ಟೆ ಸರಿಸುತ್ತಿದ್ದಳು, ಅಷ್ಟೇ. ಅವಳ ತವರಿನ ಬಾಗಿಲು ಮುಚ್ಚಿತು. ಓಣಿಯಲ್ಲಿ ಒಬ್ಬಳ ಸೊಸೆಗೆ ಆ ತಿಂಗಳು ಬಸಿರು ನಿಲ್ಲಲಿಲ್ಲ. ನಾಟಕದ ದಿನ ಅವಳೂ ನನ್ನ ಕೈಯ ಅಕ್ಕಿ ಹಿಡಿದಿದ್ದಳಂತೆ. ನೆನಪು ಮಾಡಿಕೊಂಡು ಮಾಡಿಕೊಂಡು ಎಲ್ಲರೂ ತಮ್ಮ ತಮ್ಮ ಮನೆಯ ಕೆಟ್ಟದ್ದನ್ನೆಲ್ಲ ಆ ಮುಷ್ಟಿಗೆ ಹಚ್ಚಿದರು. ಮೊದಲು ಮದುವೆಗೆ ಕರೆದು ದೂರವಾದರೂ ಕೂರಿಸುತ್ತಿದ್ದರು, ಈಗ ಕರೆಯುವುದನ್ನೇ ಬಿಟ್ಟರು. ಯಾರನ್ನು ಬೈಯಲಿ? ಬಾಯಿಬಿಟ್ಟು ಹೇಳಿದವಳು ನಾನೇ. ಆ ಮಾತನ್ನು ನಾನು ನಂಬುತ್ತೇನೆಯೇ ಎಂದು ಕೇಳಿದರೆ ಹೇಳಲಾರೆ. ನಿಂಗವ್ವ ನಂಬುತ್ತಾಳೆ ಎಂಬುದು ಗೊತ್ತಿತ್ತು, ಅದು ಸಾಕಾಗಿತ್ತು.

ಈರಣ್ಣನಿಗೆ ಇನ್ನೂ ಹೆಣ್ಣು ಸಿಕ್ಕಿಲ್ಲ. ಎಲ್ಲಿ ಹೋದರೂ ಆ ಅಕ್ಕಿಯ ಮಾತು ಅವನಿಗಿಂತ ಮುಂದೆ ಹೋಗಿರುತ್ತದಂತೆ. ಒಳ್ಳೆಯವನಿಗೆ ನಾನು ಮಾಡಿದ ಅನ್ಯಾಯ ಅದು. ಅದಕ್ಕೆ ಪರಿಹಾರ ನನ್ನಲ್ಲಿ ಇಲ್ಲ.

ಪ್ರಕಾಶ ಒಮ್ಮೆ ಬಂದ. ಸವದತ್ತಿಯ ಕಡೆ ಇದೇ ನಾಟಕ ಮಾಡಿಸುತ್ತಿದ್ದೇನೆ, ಈಗ ಕಾಗದದ ಚೂರೇ ಎಂದ. "ಏನ ಆಗಲಿ ಅಮ್ಮಾರ, ಹುಡುಗಿ ಉಳಿದ್ಲು. ನಾಟಕ ಗೆದ್ದಂಗಾತು."

"ಏನು ಗೆದ್ದಿತೋ?" ಎಂದೆ. "ಬಯಲ ತುಂಬ ಮಂದಿ ಕುಂತಿದ್ರು, ಒಬ್ಬರರ ಎದ್ರೇನು?"

ಅವನು ಚಹಾ ಅರ್ಧಕ್ಕೆ ಬಿಟ್ಟು ಹೋದ. ಅಷ್ಟು ಒರಟಾಗಿ ಹೇಳಬೇಕಿರಲಿಲ್ಲ.

ಐಸವ್ವ ಪರೀಕ್ಷೆ ಬರೆದಳು. ಆ ದಿನಗಳಲ್ಲಿ ಅವಳನ್ನು ಒಬ್ಬಳೇ ಕಳಿಸಲು ನನಗೆ ಧೈರ್ಯ ಇರಲಿಲ್ಲ. ದಿನಾ ಜೊತೆಗೆ ಹೋಗಿ ಕಾಲೇಜಿನ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕೂಡುತ್ತಿದ್ದೆ. ಕೊನೆಯ ದಿನ ಪೇಪರು ಮುಗಿಸಿ ಬಂದಳು. ಯರಗಟ್ಟಿ ಬಸ್‌ ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿಸಿದೆ. ಬಿಸಿಲು ಜೋರಾಗಿತ್ತು. ಉಡಿ ತುಂಬಲು ಬಂದ ದಿನದಿಂದ ಅವಳು ನನ್ನೊಡನೆ ಆ ಮಾತೇ ಎತ್ತಿರಲಿಲ್ಲ. ಇವತ್ತಾದರೂ ಒಂದು ಮಾತು ಅನ್ನುತ್ತಾಳೆ ಎಂದು ಕಾದಿದ್ದೆ. ಕಾದಿರಲಿಲ್ಲ ಎಂದರೆ ಸುಳ್ಳು.

ಗ್ಲಾಸು ಕೆಳಗಿಟ್ಟು ಅಂದಳು: "ಆಯಿ, ನಾ ನಾಟಕದಾಗ ಒಲ್ಲೆ ಅಂದೆ. ಹಿರಿಯಾರು ಬಂದಾಗ ಒಳಗಿಂದ ಅಂದೆ. ಅಪ್ಪಗ ಅಂದೆ, ಅವ್ವಗ ಅಂದೆ. ಉಡಿ ತುಂಬಾಕ ಬಂದಾಗ ಎಲ್ಲಾರ ಮುಂದ ನಿಂತ ಅಂದೆ. ಯಾರಿಗೂ ಕೇಳಿಸಲಿಲ್ಲ. ನೀ ನಿನ್ನ ಕೈ ತೋರಿಸಿದ ಕೂಡ್ಲೆ ಎದ್ದು ಹೋದ್ರು."

"ಹೋದ್ರಲ್ಲ. ಅಷ್ಟ ಸಾಕು."

"ಹೋದ್ರು. ನಾ ಒಲ್ಲೆ ಅಂದಿದ್ದಕ್ಕ ಹೋಗಲಿಲ್ಲ." ಬಸ್ಸು ಬರುವ ದಾರಿ ನೋಡುತ್ತಾ, "ನಿನಗೂ ಕೇಳಿಸಿರಲಿಲ್ಲ" ಎಂದಳು.

ಬಸ್ಸು ಬಂತು. ನೂಕುನುಗ್ಗಲು. ಒಂದೇ ಸೀಟು ಖಾಲಿ ಇತ್ತು. "ನೀ ಕುಂಡ್ರು" ಎಂದಳು. ಕೂತೆ. ಊರು ಬರುವ ತನಕ ಅವಳು ಕಂಬಿ ಹಿಡಿದು ನನ್ನ ಪಕ್ಕವೇ ನಿಂತು ಬಂದಳು. ನಾನು ತಲೆ ಎತ್ತಿ ಅವಳ ಮುಖ ನೋಡಲಿಲ್ಲ.